ತಜ್ಞರ ಉತ್ತರ: ಪೇಷಂಟ್ ಕೈಲೇ ಗುಂಡೇಟು ತಿಂದ ಆ ಚಾರ್ಲ್ಸ್‌ಟನ್ ಡಾಕ್ಟ್ರು ಯಾರು?

ಪ್ರಶ್ನೆ: ಸರ್, ತಂಗಿ ಮನೆಗೆ ಅಂತ ಅಮೆರಿಕಕ್ಕೆ ಹೋದಾಗ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ನೋಡ್ಕೊಂಡು ಬಂದ್ವಿ. ಅಲ್ಲೊಂದು ದುಂಡಗಿನ ಚರ್ಚ್ ಹತ್ರ ಡೇವಿಡ್ ರಾಮ್ಸೆ ಅನ್ನೋ ಹಳೇ ಕಾಲದ ಡಾಕ್ಟ್ರ ಸಮಾಧಿ ಇದೆ ಅಂದ್ರು ಗೈಡ್. ಅವ್ರು ಡಾಕ್ಟ್ರೂ ಹೌದಂತೆ, ನಮ್ಮ ಎಮ್ಮೆಲ್ಲೆ ಥರ ಶಾಸಕರೂ ಹೌದಂತೆ, ತಾವೇ ಪರೀಕ್ಷೆ ಮಾಡಿದ್ದ ಒಬ್ಬ ಹುಚ್ಚ ರಸ್ತೇಲೇ ಗುಂಡು ಹೊಡೆದನಂತೆ. ಅವ್ರ ಮಾವ ಸತ್ತಾಗ ನಮ್ಮ ಥರಾನೇ ಕಟ್ಟಿಗೆ ಮೇಲಿಟ್ಟು ಸುಟ್ರಂತೆ. ಇದೆಲ್ಲ ನಿಜಾನಾ ಅಥವಾ ಗೈಡ್ ಬುರುಡೆ ಬಿಟ್ರಾ? ಆ ಡಾಕ್ಟ್ರು ಗುಲಾಮಗಿರಿ ವಿರುದ್ಧ ಇದ್ರು ಅಂತಾನೂ ಹೇಳಿದ್ರು, ಅದೂ ಹೌದಾ?

ಉತ್ತರ: ಗೈಡ್ ಬುರುಡೆ ಬಿಟ್ಟಿಲ್ಲ ಮಾರಾಯ್ರೆ. ಗುಂಡು ನಿಜ, ಸುಟ್ಟಿದ್ದೂ ನಿಜ. ಕೊನೇ ಪ್ರಶ್ನೆ ಮಾತ್ರ "ಹೌದು" ಅಂತ ಒಂದೇ ಪದದಲ್ಲಿ ಮುಗಿಸೋಕಾಗಲ್ಲ, ನನಗೆ ಈ ಮನುಷ್ಯನ ಬಗ್ಗೆ ಇಂಟರೆಸ್ಟ್ ಹುಟ್ಟಿದ್ದೇ ಆ ಒಂದು ವಿಷಯಕ್ಕೆ. ರೋಗ ಏನು ಅಂತ ಕರೆಕ್ಟಾಗಿ ಕಂಡುಹಿಡಿದು, ಪೇಷಂಟ್ ಮನೆಯವ್ರು ಮುಖ ಸಿಂಡರಿಸಿದ ತಕ್ಷಣ ಧ್ವನಿ ತಗ್ಗಿಸೋ ಡಾಕ್ಟ್ರುಗಳನ್ನ ನಾನು ನೋಡಿದೀನಿ, ಒಂದೆರಡು ಸಲ ನಾನೇ ಆ ಡಾಕ್ಟ್ರಾಗಿದೀನಿ. ರಾಮ್ಸೆ ಕಥೆಯೂ ಮುಕ್ಕಾಲು ಪಾಲು ಅದೇ. ಗುಂಡಿನ ವಿಷಯ ಕೊನೆಗಿಟ್ಕೊಳ್ತೀನಿ, ಮೊದ್ಲೇ ಹೇಳಿದ್ರೆ ನೀವು ಅಷ್ಟು ಓದಿ ಎದ್ದು ಹೋಗ್ತೀರಾ.

ರಾಮ್ಸೆ ಮೂಲತಃ ಚಾರ್ಲ್ಸ್‌ಟನ್‌ನೋರಲ್ಲ, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಹುಟ್ಟಿದ್ದು 1749ರ ಏಪ್ರಿಲ್ 2ಕ್ಕೆ, ಉತ್ತರದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಲಿ, ಐರ್ಲೆಂಡಿಂದ ವಲಸೆ ಬಂದ ಮನೆತನ. ಹುಡುಗ ಬುದ್ಧಿವಂತ, ಹದಿನಾರಕ್ಕೇ ಈಗ ಪ್ರಿನ್ಸ್‌ಟನ್ ಅಂತೀವಲ್ಲ ಆ ಕಾಲೇಜಿಂದ 1765ರಲ್ಲಿ ಪದವಿ ತಗೊಂಡ. ಆಮೇಲೆ ಫಿಲಡೆಲ್ಫಿಯಾಗೆ ಹೋಗಿ ಡಾಕ್ಟ್ರಿಕೆ ಕಲಿತ, ಅಮೆರಿಕದ ಮೊಟ್ಟಮೊದಲ ಮೆಡಿಕಲ್ ಸ್ಕೂಲ್ ಅದು, ಶುರುವಾಗಿ ಇನ್ನೂ ಹತ್ತು ವರ್ಷ ಆಗಿರ್ಲಿಲ್ಲ. ಅಲ್ಲಿ ಪಾಠ ಹೇಳ್ತಿದ್ದೋರಲ್ಲಿ ಬೆಂಜಮಿನ್ ರಶ್ ಒಬ್ರು, ಮುಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಡಾಕ್ಟ್ರು. ಗುರುವಿಗೂ ಶಿಷ್ಯನಿಗೂ ವಯಸ್ಸಲ್ಲಿ ಮೂರು ವರ್ಷದಷ್ಟೇ ವ್ಯತ್ಯಾಸ, ಹಾಗಾಗಿ ಗುರು-ಶಿಷ್ಯ ಅನ್ನೋದಕ್ಕಿಂತ ಅಣ್ಣ-ತಮ್ಮನ ಥರ ಇದ್ರು, ಸಾಯೋವರೆಗೂ ಪತ್ರ ಬರ್ಕೊಳ್ತಿದ್ರು. ಮೇರಿಲ್ಯಾಂಡಲ್ಲಿ ಒಂದು ವರ್ಷ ಪ್ರಾಕ್ಟೀಸ್ ಮಾಡಿ ದಕ್ಷಿಣಕ್ಕೆ ಹೊರಟಾಗ ರಶ್ ಕೊಟ್ಟ ಶಿಫಾರಸು ಪತ್ರದಲ್ಲಿ, ನಮ್ಮ ಕಾಲೇಜಿಂದ ಇಲ್ಲೀವರೆಗೆ ಪಾಸಾಗಿ ಹೋದೋರಲ್ಲಿ ಇವನನ್ನ ಮೀರಿಸೋರಿಲ್ಲ ಅನ್ನೋ ಅರ್ಥದ ಮಾತಿದೆ. ಅಂಥಾ ಕಾಗದ ಜೇಬಲ್ಲಿದ್ರೆ ಯಾವೂರಿಗೆ ಬೇಕಾದ್ರೂ ಹೋಗಬಹುದು ಬಿಡಿ.

1773ರಲ್ಲಿ ಚಾರ್ಲ್ಸ್‌ಟನ್‌ಗೆ ಬಂದ. ಆಗ ಊರಿನ ಹೆಸರು ಚಾರ್ಲ್ಸ್ ಟೌನ್, 1783ರ ನಂತರ ಚಾರ್ಲ್ಸ್‌ಟನ್ ಆಯ್ತು. ದುಡ್ಡಿನ ಊರು. ಸುತ್ತಲೂ ಭತ್ತದ ಗದ್ದೆ, ನೀಲಿ ಬೆಳೆ, ಬಂದರಲ್ಲಿ ಹಡಗು, ಗದ್ದೇಲಿ ದುಡಿಯೋರೆಲ್ಲ ಆಫ್ರಿಕಾದಿಂದ ಹಿಡ್ಕೊಂಡು ಬಂದ ಗುಲಾಮರು, ಆ ಕರಾವಳಿಲಿ ಬಿಳಿಯರಿಗಿಂತ ಅವ್ರೇ ಜಾಸ್ತಿ. ನೀರು ನಿಲ್ಲಿಸಿದ ಗದ್ದೆ ಅಂದ್ಮೇಲೆ ಸೊಳ್ಳೆ, ಸೊಳ್ಳೆ ಅಂದ್ಮೇಲೆ ಜ್ವರ, ಹಳೇ ಮಲೆನಾಡಿನ ಮಲೇರಿಯಾ ಕಥೆ ಅಜ್ಜಿ ಬಾಯಲ್ಲಿ ಕೇಳಿದವ್ರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅದರ ಜೊತೆಗೆ ಹಳದಿ ಜ್ವರ ಬೇರೆ. ಅಲ್ಲಿನ ಜನ ಅದಕ್ಕೆ ಪರಸ್ಥಳದವ್ರ ಜ್ವರ ಅಂತ ಹೆಸರಿಟ್ಟಿದ್ರು, ಯಾಕಂದ್ರೆ ಹೊಸದಾಗಿ ಬಂದೋರನ್ನೇ ಅದು ಹುಡುಕಿ ಹುಡುಕಿ ಹಿಡೀತಿತ್ತು, ಚಿಕ್ಕಂದಿನಲ್ಲೇ ಬಂದು ಬದುಕಿ ಉಳಿದ ಲೋಕಲ್ ಜನಕ್ಕೆ ಎರಡನೇ ಸಲ ಬರ್ತಿರ್ಲಿಲ್ಲ.

ಟ್ರೀಟ್ಮೆಂಟ್ ಏನಿತ್ತು ಅಂತ ಕೇಳಬೇಡಿ, ಕೇಳಿದ್ರೆ ಹೇಳಲೇಬೇಕು. ರಕ್ತ ತೆಗೆಯೋದು. ಭೇದಿಗೆ ಕ್ಯಾಲೊಮೆಲ್, ಅಂದ್ರೆ ಪಾದರಸದ ಪುಡಿ, ಅದರ ಜೊತೆ ಜಾಲಪ್ ಅನ್ನೋ ಬೇರು. ಮೈಯಲ್ಲಿ ರಕ್ತನಾಳ ಬಿಗಿದುಕೊಳ್ಳೋದೇ ಎಲ್ಲಾ ಜ್ವರಕ್ಕೂ ಮೂಲ, ರಕ್ತ ಬಿಟ್ರೆ ಸಡಿಲ ಆಗುತ್ತೆ ಅನ್ನೋದು ರಶ್ ಸಿದ್ಧಾಂತ, ರಾಮ್ಸೆ ಅದನ್ನ ಕಣ್ಮುಚ್ಚಿ ನಂಬಿದ್ದ. ಕೆಲಸಕ್ಕೆ ಬರೋ ಔಷಧಿ ಅಂತ ಇದ್ದದ್ದು ಸಿಂಕೋನಾ ತೊಗಟೆ ಒಂದು, ಅದೂ ಮಲೇರಿಯಾಗೆ ಮಾತ್ರ. ಸೊಳ್ಳೆಯ ಪಾತ್ರ ಗೊತ್ತಾಗೋಕೆ ಇನ್ನೂ ನೂರಕ್ಕೂ ಜಾಸ್ತಿ ವರ್ಷ ಇತ್ತು, ಮಲೇರಿಯಾದ್ದು 1897ರಲ್ಲಿ ನಮ್ಮ ಸಿಕಂದರಾಬಾದಲ್ಲಿ, ಹಳದಿ ಜ್ವರದ್ದು 1900ರಲ್ಲಿ ಕ್ಯೂಬಾದಲ್ಲಿ. ಆದ್ರೂ ಮನುಷ್ಯನ ಕಣ್ಣು ಮಾತ್ರ ಚುರುಕು. ಸೌತ್ ಕ್ಯಾರೊಲಿನಾದ ಮಣ್ಣು, ಹವೆ, ಮಳೆ, ಕಾಯಿಲೆ ಎಲ್ಲ ಸೇರಿಸಿ 1796ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಯಾವ ತಿಂಗಳು ಯಾವ ಜ್ವರ, ಯಾವ ನೆಲದಲ್ಲಿ ಜಾಸ್ತಿ ಅಂತೆಲ್ಲ ಗಮನಿಸಿದಾನೆ, ಕಾರಣ ಗೊತ್ತಿಲ್ದೇ ಇದ್ರೂ ನೋಡಿದ್ದು ಸುಳ್ಳಲ್ಲ. 1789ರಲ್ಲಿ ಅಲ್ಲಿನ ಡಾಕ್ಟ್ರುಗಳೆಲ್ಲ ಸೇರಿ ಕಟ್ಟಿದ ಮೆಡಿಕಲ್ ಸೊಸೈಟಿಲೂ ಇವನು ಮುಂದೆ ನಿಂತು ಓಡಾಡಿದ.

ಇನ್ನು ರಾಜಕೀಯ. ಡಾಕ್ಟ್ರು ಶಾಸಕ ಆಗೋದು ಆಗಿನ ಅಮೆರಿಕದಲ್ಲಿ ವಿಶೇಷ ಅಲ್ಲ, ಊರಲ್ಲಿ ಓದಿದವ್ರೇ ನಾಲ್ಕು ಜನ, ಅದರಲ್ಲಿ ಪ್ರತಿ ಮನೆ ಬಾಗಿಲು ದಾಟಿ ಒಳಗಿನ ಕೋಣೆವರೆಗೆ ಹೋಗಿ ಬರೋನು ಡಾಕ್ಟ್ರು ಒಬ್ಬನೇ. 1776ರಿಂದ ರಾಜ್ಯದ ಅಸೆಂಬ್ಲಿಲಿ ಕೂತ. 1778ರ ಜುಲೈ 4ಕ್ಕೆ, ಸ್ವಾತಂತ್ರ್ಯ ಘೋಷಣೆಗೆ ಎರಡು ವರ್ಷ ತುಂಬಿದ ದಿನ, ಚಾರ್ಲ್ಸ್‌ಟನ್‌ನಲ್ಲಿ ಭಾಷಣ ಮಾಡಿದ, ಈಗಲೂ ಪ್ರತಿ ವರ್ಷ ಆ ದಿನ ಅಮೆರಿಕದಲ್ಲಿ ಮಾಡೋ ಸಾವಿರಾರು ಭಾಷಣಗಳಿಗೆಲ್ಲ ಇದೇ ತಾಯಿಬೇರು ಅಂತ ಹೇಳೋದುಂಟು. ಸ್ವಾತಂತ್ರ್ಯಕ್ಕೆ ಅಂತ ಬ್ರಿಟಿಷರ ಜೊತೆ ಯುದ್ಧ ನಡೀತಿತ್ತಲ್ಲ, 1779ರಲ್ಲಿ ಅವ್ರ ಕೈಲಿದ್ದ ಸವಾನಾ ಊರಿಗೆ ಮುತ್ತಿಗೆ ಹಾಕಿದಾಗ ಫಿರಂಗಿ ದಳದ ಜೊತೆ ಸರ್ಜನ್ ಆಗಿ ಹೋಗಿದ್ದ. 1780ರ ಮೇ 12ಕ್ಕೆ ಚಾರ್ಲ್ಸ್‌ಟನ್ನೇ ಬ್ರಿಟಿಷರ ಕೈಗೆ ಬಿತ್ತು, ಅಮೆರಿಕನ್ನರಿಗೆ ಆ ಇಡೀ ಯುದ್ಧದಲ್ಲಿ ಅಷ್ಟು ದೊಡ್ಡ ಸೋಲು ಇನ್ನೊಂದಿಲ್ಲ.

ಈಗ ನಮ್ಮ ಕಡೆಯವ್ರಿಗೆ ಚೆನ್ನಾಗಿ ಗೊತ್ತಿರೋ ಒಂದು ಹೆಸರು ಬರುತ್ತೆ ನೋಡಿ. ಊರು ಬಿದ್ಮೇಲೆ ದಕ್ಷಿಣದ ಬ್ರಿಟಿಷ್ ಸೈನ್ಯಕ್ಕೆ ದೊಡ್ಡೋನಾಗಿ ನಿಂತೋನು ಲಾರ್ಡ್ ಕಾರ್ನ್‌ವಾಲಿಸ್. ಹೌದು, ಅದೇ ಕಾರ್ನ್‌ವಾಲಿಸ್, 1791ರಲ್ಲಿ ಬೆಂಗಳೂರು ಕೋಟೆ ಒಡೆದು 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಮತ್ತು ಎರಡು ಮಕ್ಕಳನ್ನ ಒತ್ತೆ ಇಸ್ಕೊಂಡೋನು. ಹನ್ನೆರಡು ವರ್ಷ ಮುಂಚೆ ಇದೇ ಆಸಾಮಿ ಚಾರ್ಲ್ಸ್‌ಟನ್‌ನಲ್ಲಿ ಒಂದು ಪಟ್ಟಿ ಮಾಡಿಸ್ದ. ಸೋತು ಶರಣಾಗಿ, ಇನ್ನು ಸುಮ್ಮನಿರ್ತೀವಿ ಅಂತ ಮಾತು ಕೊಟ್ಟು ಮನೇಲಿದ್ದ ಊರ ದೊಡ್ಡ ಮನುಷ್ಯರ ಪಟ್ಟಿ. 1780ರ ಆಗಸ್ಟ್ 27ರ ಬೆಳಿಗ್ಗೆ ಅವ್ರನ್ನೆಲ್ಲ ಹಿಡಿದು ಹಡಗು ಹತ್ತಿಸಿ ಫ್ಲಾರಿಡಾದ ಸೇಂಟ್ ಆಗಸ್ಟೀನ್‌ಗೆ ಸಾಗಿಸಿಬಿಟ್ರು. ಮೂವತ್ತೊಂದು ವರ್ಷದ ರಾಮ್ಸೆ ಆ ಹಡಗಲ್ಲಿದ್ದ. ಅಲ್ಲಿ ಮತ್ತೆ ಮಾತು ಕೊಡಿ ಅಂದ್ರು ಬ್ರಿಟಿಷರು. ಬಹಳಷ್ಟು ಜನ ಕೊಟ್ರು, ಊರಲ್ಲಿ ಓಡಾಡ್ಕೊಂಡಿರೋಕೆ ಬಿಟ್ರು. ಕ್ರಿಸ್ಟೋಫರ್ ಗ್ಯಾಡ್ಸ್‌ಡನ್ ಅನ್ನೋ ಹಿರಿಯ ಮಾತ್ರ, ಒಂದು ಸಲ ಕೊಟ್ಟ ಮಾತನ್ನ ನೀವೇ ಮುರಿದಿದೀರಿ, ಇನ್ನೊಂದು ಸಲ ಕೊಡಲ್ಲ ಅಂತ ಕೂತ. ಅವನನ್ನ ಕೋಟೆಯ ಕತ್ತಲೆ ಕೋಣೇಲಿ 42 ವಾರ ಇಟ್ರು. ರಾಮ್ಸೆ ಹೊರಗಿದ್ದ ಗುಂಪಿನವನು, ಸುಮಾರು ಹತ್ತು ಹನ್ನೊಂದು ತಿಂಗಳು ಅಲ್ಲಿದ್ದು ಕೈದಿ ವಿನಿಮಯದಲ್ಲಿ ಬಿಡುಗಡೆಯಾಗಿ ಬಂದ. ಅದಕ್ಕೆ ಅವನನ್ನ ಹೇಡಿ ಅನ್ನೋದು ತಪ್ಪು, ಆದ್ರೆ ಗ್ಯಾಡ್ಸ್‌ಡನ್ ಜಾತಿಯವ್ನಲ್ಲ ಅಷ್ಟೇ. 1782ರಲ್ಲಿ ರಾಜ್ಯದ ಅಸೆಂಬ್ಲಿ ಮತ್ತೆ ಸೇರಿದಾಗ ಬ್ರಿಟಿಷರ ಪರ ಇದ್ದೋರ ಆಸ್ತಿನೆಲ್ಲ ಜಪ್ತಿ ಮಾಡಬೇಕು ಅಂತ ಕೂಗೆದ್ದಿತ್ತು, ಸೆರೆಮನೆ ಉಂಡು ಬಂದ ಈ ಮನುಷ್ಯ ಅದಕ್ಕೆ ಒಪ್ಪಲಿಲ್ಲ. ಸೇಡು ಅವನ ಸ್ವಭಾವದಲ್ಲೇ ಇರ್ಲಿಲ್ಲ, ಕೊನೇ ದಿನದಲ್ಲೂ ಇದನ್ನ ನೋಡ್ತೀರಿ.

ಮಾವನ ಕಥೆ ಕೇಳಿದ್ರಲ್ಲ. ರಾಮ್ಸೆಗೆ ಮೂರು ಮದುವೆ. ಮೊದಲನೇ ಹೆಂಡ್ತಿ ಸಬೀನಾ ಎಲ್ಲಿಸ್ ಮದುವೆಯಾದ ಮರುವರ್ಷ 1776ರಲ್ಲಿ ತೀರಿಕೊಂಡಳು. ಎರಡನೆಯವಳು ಫ್ರಾನ್ಸಿಸ್ ವಿದರ್‌ಸ್ಪೂನ್, ಪ್ರಿನ್ಸ್‌ಟನ್ ಕಾಲೇಜಿನ ಮುಖ್ಯಸ್ಥರ ಮಗಳು, ಅವಳೂ ಮಗು ಹೆತ್ತು 1784ರಲ್ಲಿ ಹೋದಳು. ಡಾಕ್ಟ್ರ ಮನೆ ಅಂತ ಸಾವು ರಿಯಾಯಿತಿ ಕೊಡ್ತಿರ್ಲಿಲ್ಲ. ಮೂರನೆಯವಳು ಮಾರ್ಥಾ ಲಾರೆನ್ಸ್, ಮದುವೆ 1787ರಲ್ಲಿ. ಅವಳಪ್ಪ ಹೆನ್ರಿ ಲಾರೆನ್ಸ್ ಚಾರ್ಲ್ಸ್‌ಟನ್‌ನ ಭಾರೀ ಸಾಹುಕಾರ, ಒಂದು ಕಾಲಕ್ಕೆ ಅಮೆರಿಕದ ಕಾಂಗ್ರೆಸ್ಸಿನ, ಅಂದ್ರೆ ಅಲ್ಲಿನ ಸಂಸತ್ತಿನ, ಅಧ್ಯಕ್ಷ. ಸಾಲ ಕೇಳೋಕೆ ಯುರೋಪಿಗೆ ಹೋಗ್ತಾ ಸಮುದ್ರದಲ್ಲಿ ಸಿಕ್ಕಿಬಿದ್ದು ಲಂಡನ್ ಟವರ್ ಜೈಲಿಗೆ ಬಿದ್ದೋನು. ಆಗ ಆ ಟವರ್‌ಗೆ ಕಾನ್‌ಸ್ಟೇಬಲ್ ಅನ್ನೋ ಗೌರವದ ಹುದ್ದೇಲಿದ್ದೋನು ಯಾರು ಹೇಳಿ? ಕಾರ್ನ್‌ವಾಲಿಸ್! ಅಳಿಯನಾಗಬೇಕಾದೋನನ್ನ ಫ್ಲಾರಿಡಾಗೆ ಕಳಿಸ್ದ, ಮಾವ ಅವನೇ ಕಾನ್‌ಸ್ಟೇಬಲ್ ಆಗಿದ್ದ ಟವರ್‌ನಲ್ಲಿ ಕೂತ. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನಲ್ಲಿ ಕಾರ್ನ್‌ವಾಲಿಸ್ಸೇ ಸೋತು ಶರಣಾದ್ಮೇಲೆ ಕೊನೆಗೆ ಇವನಿಗೆ ಅವನು, ಅವನಿಗೆ ಇವನು ಅಂತ ಲೆಕ್ಕ ಚುಕ್ತಾ ಮಾಡ್ಕೊಂಡ್ರು, ಅಂದ್ರೆ ಹೆನ್ರಿ ಲಾರೆನ್ಸ್‌ಗೆ ಬದಲಾಗಿ ಕಾರ್ನ್‌ವಾಲಿಸ್. ಆ ವಿನಿಮಯ ಆಗಿ ನಾಲ್ಕು ವರ್ಷಕ್ಕೆ ಆತ ಗವರ್ನರ್ ಜನರಲ್ ಆಗಿ ಕಲ್ಕತ್ತಾದಲ್ಲಿ ಇಳಿದ, ಮುಂದಿನದು ನಮ್ಮೋರಿಗೆ ಗೊತ್ತು.

ಸುಟ್ಟಿದ್ದು ಯಾಕೆ? ಮಾರ್ಥಾ ಹುಟ್ಟಿದ್ದು 1759ರ ನವೆಂಬರ್‌ನಲ್ಲಿ. ಮರುವರ್ಷ ಊರಲ್ಲಿ ಸಿಡುಬು ಎದ್ದಿತ್ತು. ಕೂಸಿಗೂ ತಗಲಿತು, ಉಸಿರು ನಿಂತಿದೆ ಅಂತ ತೀರ್ಮಾನ ಮಾಡಿ ಹೂಳೋಕೆ ತಯಾರಿ ಮಾಡಿ ಕಿಟಕಿ ಹತ್ರ ಮಲಗಿಸಿದ್ರು. ಸಿಡುಬಾದವ್ರನ್ನ ಗಾಳಿ ಬರದ ಹಾಗೆ ಮುಚ್ಚಿಡೋದು ಆಗಿನ ಪದ್ಧತಿ, ಸತ್ತ ಮಗು ತಾನೇ ಅಂತ ಕಿಟಕಿ ತೆಗೆದಿದ್ದೇ ಪುಣ್ಯ ಆಯ್ತು ಅನ್ಸುತ್ತೆ, ತಣ್ಣನೆ ಗಾಳಿ ಮುಖಕ್ಕೆ ಬಡಿದು ಕೂಸು ಅಲ್ಲಾಡ್ತು. ಡಾಕ್ಟ್ರು ಬಂದು ನೋಡಿ ಜೀವ ಇದೆ ಅಂದ್ರು. ಇದನ್ನ ಬರೆದಿಟ್ಟೋನು ರಾಮ್ಸೆನೇ, ಹೆಂಡ್ತಿ ಸತ್ಮೇಲೆ ಅವಳ ಜೀವನದ ಬಗ್ಗೆ ಬರೆದ ಪುಸ್ತಕದಲ್ಲಿ. ಅಪ್ಪನಿಗೆ ಮಾತ್ರ ಆ ಭಯ ಹೋಗಲೇ ಇಲ್ಲ, ಜೀವ ಇರುವಾಗ್ಲೇ ಮಣ್ಣು ಮಾಡಿಬಿಟ್ರೆ ಅಂತ. ಉಯಿಲಲ್ಲಿ ಸ್ಪಷ್ಟವಾಗಿ ಬರೆಸ್ದ: ನನ್ನ ಹೆಣವನ್ನ ಹನ್ನೆರಡು ಗಜ ಒರಟು ನಾರಿನ ಬಟ್ಟೇಲಿ ಸುತ್ತಿ, ಪೂರ್ತಿ ಬೂದಿ ಆಗೋವರೆಗೂ ಸುಡಬೇಕು. 1792ರ ಡಿಸೆಂಬರ್‌ನಲ್ಲಿ ಸತ್ತಾಗ ಮೆಪ್ಕಿನ್ ಅನ್ನೋ ಅವನ ತೋಟದಲ್ಲಿ ಹಾಗೇ ಮಾಡಿದ್ರು. ನಮಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲ್ಲ, ಆದ್ರೆ ಅಲ್ಲಿನ ಬಿಳಿ ಕ್ರೈಸ್ತರಲ್ಲಿ ಹೀಗೆ ಹೇಳಿ ಬರೆಸಿ ಸುಡಿಸ್ಕೊಂಡ ಮೊದಲಿಗರಲ್ಲಿ ಅವನೊಬ್ಬ, ನೆರೆಹೊರೆಯವ್ರು ಬೆಚ್ಚಿಬಿದ್ದಿರ್ತಾರೆ ಬಿಡಿ. ಗೈಡ್ "ಹಿಂದೂಗಳ ಥರ" ಅಂದಿದ್ರೆ ಅದನ್ನ ಮಾತ್ರ ತೆಗೆದುಬಿಡಿ, ಕಾರಣ ಧರ್ಮ ಅಲ್ಲ, ಸಿಡುಬು.

ಅದೇ ಸಿಡುಬಿಗೆ ಚಾರ್ಲ್ಸ್‌ಟನ್‌ನಲ್ಲಿ ಮೊದಲು ವ್ಯಾಕ್ಸಿನ್ ಹಾಕಿದೋನು ರಾಮ್ಸೆ, 1802ರಲ್ಲಿ. ಜೆನ್ನರ್ ಇಂಗ್ಲೆಂಡಲ್ಲಿ ಹಸುವಿನ ಸಿಡುಬಿನ ಕೀವಿನಿಂದ ರಕ್ಷಣೆ ಸಿಗುತ್ತೆ ಅಂತ ಪುಸ್ತಕ ಪ್ರಕಟಿಸಿ ನಾಲ್ಕೇ ವರ್ಷ ಆಗಿತ್ತು. ಫ್ರಿಜ್ಜಿಲ್ಲ, ಐಸಿಲ್ಲ, ಕೀವನ್ನ ದಾರಕ್ಕೋ ಗಾಜಿಗೋ ಸವರಿ ಒಣಗಿಸಿ ತರಬೇಕು, ಬಿಸಿಲಿಗೆ ಕೆಡ್ತಿತ್ತು, ಇಲ್ಲಾಂದ್ರೆ ಒಂದು ಮಗುವಿನ ತೋಳಿಂದ ಇನ್ನೊಂದು ಮಗುವಿನ ತೋಳಿಗೆ ಕೊಂಡಿ ಕೊಂಡಿಯಾಗಿ ದಾಟಿಸಬೇಕು. ಅದೇ 1802ರ ಜೂನ್‌ನಲ್ಲಿ ಬಸ್ರಾ ಕಡೆಯಿಂದ ಹಾಗೇ ಕೊಂಡಿ ಹಿಡ್ಕೊಂಡು ಬಂದ ವ್ಯಾಕ್ಸಿನ್ ಮುಂಬಯಿಲಿ ಮೂರು ವರ್ಷದ ಒಂದು ಹುಡುಗಿಗೆ ಹತ್ತಿತು, ಇಂಡಿಯಾದಲ್ಲಿ ಅದೇ ಮೊದಲು, ಅಲ್ಲಿಂದ ಸ್ವಲ್ಪ ವರ್ಷದಲ್ಲೇ ಮೈಸೂರು ಅರಮನೆಗೂ ಬಂತು. 1805ರ ಸುಮಾರಿಗೆ ಬರೆದ ಮೈಸೂರು ರಾಣಿಯರ ಒಂದು ಪೇಂಟಿಂಗ್ ಇದೆಯಲ್ಲ, ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸ್ತಿರೋದು, ಅದು ವ್ಯಾಕ್ಸಿನ್ ಪ್ರಚಾರಕ್ಕೆ ಅಂತ ಇತಿಹಾಸಕಾರರು ಓದ್ತಾರೆ. ಚಾರ್ಲ್ಸ್‌ಟನ್ನೂ ಮೈಸೂರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಸಿಡುಬಿನ ಕೈ ತಪ್ಪಿಸ್ಕೊಳ್ಳೋಕೆ ಶುರು ಮಾಡಿದ್ವು. ರಕ್ತ ಬಿಟ್ಟು ಎಷ್ಟು ಜನರನ್ನ ಸುಸ್ತು ಮಾಡಿದ್ನೋ, ಇದೊಂದು ಕೆಲಸದಲ್ಲಿ ರಾಮ್ಸೆ ಲೆಕ್ಕ ಸರಿ ಮಾಡ್ಕೊಂಡ ಅಂತ ನಾನಂತೂ ಅಂದ್ಕೊಂಡಿದೀನಿ.

ಸರಿ, ಗುಲಾಮಗಿರಿ ವಿಷಯಕ್ಕೆ ಬರೋಣ. ಯುದ್ಧದ ಮಧ್ಯೆ, 1779ರಲ್ಲಿ, ಮಾರ್ಥಾಳ ಅಣ್ಣ ಜಾನ್ ಲಾರೆನ್ಸ್ ಒಂದು ಪ್ಲಾನ್ ತಂದ. ಮೂರು ಸಾವಿರ ಕಪ್ಪು ಗುಲಾಮರ ಕೈಗೆ ಬಂದೂಕು ಕೊಡೋಣ, ಬ್ರಿಟಿಷರ ವಿರುದ್ಧ ಹೋರಾಡ್ಲಿ, ಯುದ್ಧ ಮುಗಿದ ಮೇಲೆ ಅವ್ರೆಲ್ಲ ಸ್ವತಂತ್ರರು. ಫಿಲಡೆಲ್ಫಿಯಾದ ಕಾಂಗ್ರೆಸ್ ಒಪ್ತು, ಆದ್ರೆ ರಾಜ್ಯದ ಶಾಸಕರು ಹೂಂ ಅನ್ನಬೇಕಿತ್ತು. ರಾಮ್ಸೆ ಅಸೆಂಬ್ಲಿಲಿ ಅದರ ಪರ ನಿಂತ. ಸಿಕ್ಕಿದ್ದು ಹನ್ನೆರಡು ವೋಟು ಅಂತ ಅವನೇ ಬರೆದಿದಾನೆ, ಜಮೀನ್ದಾರರು ಆ ಮಾತು ಕೇಳಿ ಹೌಹಾರಿದ್ರು ಅಂತ. ಅದೇ ವರ್ಷ ರಶ್‌ಗೆ ಬರೆದ ಕಾಗದದಲ್ಲಿ ಕಪ್ಪು ಜನರ ಬಿಡುಗಡೆಗೆ ಅಡ್ಡ ನಿಂತಿರೋದು ಬಿಳಿಯರ ಅಹಂಕಾರ ಮತ್ತು ದುರಾಸೆ ಅಂತ ಬರೀತಾನೆ. ಇದಕ್ಕಿಂತ ಕ್ಲೀನ್ ಡಯಾಗ್ನೋಸಿಸ್ ಬೇಕಾ? ಎರಡೇ ಪದ, ಅಹಂಕಾರ ಮತ್ತು ದುರಾಸೆ, ಹವಾಮಾನ, ದೇವರು, ಶಾಸ್ತ್ರ ಅಂತೆಲ್ಲ ಸುತ್ತಿಲ್ಲ. ಜಾನ್ ಲಾರೆನ್ಸ್ ಬಿಡದೆ ಮತ್ತೆ ಮತ್ತೆ ಅದೇ ಪ್ಲಾನ್ ತಂದ, ಪ್ರತಿ ಸಲ ಸೋತ, 1782ರ ಆಗಸ್ಟ್‌ನಲ್ಲಿ ಒಂದು ಚಿಕ್ಕ ಚಕಮಕಿಲಿ ಸತ್ತ, ವಯಸ್ಸು ಇಪ್ಪತ್ತೇಳು.

ಇನ್ನೊಂದು ಕಾಗದ ನೋಡಿ. 1788ರಲ್ಲಿ ಹೊಸ ಸಂವಿಧಾನವನ್ನ ಸೌತ್ ಕ್ಯಾರೊಲಿನಾ ಒಪ್ಪಬೇಕೋ ಬೇಡವೋ ಅಂತ ಜಗ್ಗಾಟ ನಡೀತಿತ್ತು. ರಾಮ್ಸೆ ಒಪ್ಪಬೇಕು ಅನ್ನೋ ಕಡೆ, "ಸಿವಿಸ್" ಅಂದ್ರೆ ನಾಗರಿಕ ಅನ್ನೋ ಗುಪ್ತ ಹೆಸರಲ್ಲಿ ಜನರಿಗೆ ಒಂದು ಮನವಿ ಬರೆದ. ಇಪ್ಪತ್ತು ವರ್ಷದ ನಂತರ ಗುಲಾಮರ ಆಮದನ್ನ ಕಾಂಗ್ರೆಸ್ ನಿಲ್ಲಿಸಬಹುದು ಅನ್ನೋ ಕಲಮು ಜಮೀನ್ದಾರರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವ್ರಿಗೆ ಇವನ ಸಮಾಧಾನ ಏನು ಗೊತ್ತಾ? ನಿಲ್ಲಿಸೋ ಅಧಿಕಾರ ಇದೆ ಅಂದ ಮಾತ್ರಕ್ಕೆ ನಿಲ್ಲಿಸ್ತಾರೆ ಅಂತ ಅರ್ಥ ಅಲ್ಲ, ಬಹುಶಃ ನಿಲ್ಲಿಸಲ್ಲ, ನಾವು ಜಾಸ್ತಿ ಅಕ್ಕಿ ಬೆಳೆದಷ್ಟೂ ಉತ್ತರದವ್ರ ಹಡಗಿಗೆ ಜಾಸ್ತಿ ಕೆಲಸ ಅಲ್ವಾ ಅಂತ! ಒಂಬತ್ತು ವರ್ಷ ಹಿಂದೆ ದುರಾಸೆ ಅಂತ ರೋಗದ ಹೆಸರು ಬರೆದ ಅದೇ ಕೈ, ಈಗ ಅದೇ ದುರಾಸೆಯನ್ನ ತೋರಿಸಿ ಹೆದರಬೇಡಿ ಅಂತಿದೆ. ಸಂವಿಧಾನಕ್ಕೆ ಒಪ್ಪಿಗೆ ಸಿಕ್ತು, 149ಕ್ಕೆ 73. ನಾನು ಮೊದಲ ಸಲ ಈ ಎರಡು ಬರಹ ಅಕ್ಕಪಕ್ಕ ಇಟ್ಟು ಓದಿದಾಗ ಬೇಜಾರಾಯ್ತು ನಿಜವಾಗ್ಲೂ.

ಅಷ್ಟು ಬಗ್ಗಿದ್ದಕ್ಕೆ ಏನಾದ್ರೂ ಸಿಕ್ತಾ ಅಂದ್ರೆ, ಇಲ್ಲ. ಅದೇ ವರ್ಷದ ಕೊನೇಲಿ ಮೊದಲ ಅಮೆರಿಕನ್ ಕಾಂಗ್ರೆಸ್ಸಿಗೆ ಎಲೆಕ್ಷನ್ನಿಗೆ ನಿಂತ. ಇವನು ಉತ್ತರದವ್ನು, ಒಳಗೊಳಗೇ ಗುಲಾಮಗಿರಿ ವಿರೋಧಿ ಅಂತ ಊರೆಲ್ಲ ಮಾತಾಡ್ಕೊಂಡ್ರು. ಹದಿನೈದು ವರ್ಷ ಅಲ್ಲೇ ಇದ್ದು, ಜೈಲಿಗೆ ಹೋಗಿ ಬಂದ್ರೂ ಹೊರಗಿನವನೇ. ಸೋತ, ಅದೂ ಮೂರನೇ ಜಾಗ. ಗೆದ್ದೋನು ವಿಲಿಯಂ ಲಾಟನ್ ಸ್ಮಿತ್, ಲೋಕಲ್ ಮನೆತನ, ಯುದ್ಧದ ಉದ್ದಕ್ಕೂ ಯುರೋಪಲ್ಲಿ ಓದ್ಕೊಂಡಿದ್ದು 1783ರಲ್ಲಿ ವಾಪಸ್ ಬಂದಿದ್ದ. ಏಳು ವರ್ಷ ನಾಗರಿಕನಾಗಿರಬೇಕು ಅನ್ನೋ ನಿಯಮ ಇದೆ, ಇವನಿಗೆ ಅಷ್ಟಾಗಿಲ್ಲ ಅಂತ ರಾಮ್ಸೆ ತಕರಾರು ಹಾಕಿದ, ನಾಗರಿಕತ್ವ ಹೇಗೆ ಬರುತ್ತೆ ಅಂತ ಒಂದು ಕಿರುಪುಸ್ತಕಾನೇ ಬರೆದ. ಅಮೆರಿಕದ ಸಂಸತ್ತಲ್ಲಿ ಎಲೆಕ್ಷನ್ ಬಗ್ಗೆ ಬಂದ ಮೊದಲ ತಕರಾರು ಅದು. ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್ ಎದ್ದು ನಿಂತು ಆ ನೆಲದಲ್ಲಿ ಹುಟ್ಟಿದ್ದೇ ಸಾಕು ಅನ್ನೋ ಹಾಗೆ ವಾದಿಸಿದ, 1789ರ ಮೇ 22ಕ್ಕೆ ಸ್ಮಿತ್ ಪರ 36, ವಿರುದ್ಧ ಒಂದೇ ಒಂದು ವೋಟು. ಅಲ್ಲಿಗೆ ಮರ್ಯಾದೆ ಉಳಿಸ್ಕೊಂಡು ರಾಜ್ಯಕ್ಕೇ ವಾಪಸ್ ಬಂದ, 1790ರ ದಶಕದಲ್ಲಿ ರಾಜ್ಯ ಸೆನೆಟಿನ ಅಧ್ಯಕ್ಷನಾಗಿದ್ದ. ಹಿಂದೆ 1785ರ ನವೆಂಬರಿಂದ ಆರು ತಿಂಗಳು ಅಧ್ಯಕ್ಷ ಜಾನ್ ಹ್ಯಾನ್‌ಕಾಕ್ ಹುಷಾರಿಲ್ದೇ ಬರದೇ ಇದ್ದಾಗ ದೇಶದ ಕಾಂಗ್ರೆಸ್ಸಿನ ಅಧ್ಯಕ್ಷನ ಕುರ್ಚೀಲೂ ಇವನೇ ಕೂತಿದ್ದ, ಅದನ್ನ ಗೈಡ್‌ಗಳು ಹೇಳಲ್ಲ.

ಮಾತು ಕಮ್ಮಿ ಆಗ್ತಾ ಬಂತು. ಮಾವನ ಆಸ್ತಿ ಬಂದಿದ್ದೆಲ್ಲಿಂದ ಅನ್ನೋದೂ ಗಮನದಲ್ಲಿರ್ಲಿ, ಹೆನ್ರಿ ಲಾರೆನ್ಸ್ ಪಾಲುದಾರಿಕೆಯ ಅಂಗಡಿ 1750ರ ದಶಕದಲ್ಲಿ ಮಾರಿದ ಆಫ್ರಿಕನ್ನರ ಸಂಖ್ಯೆ ಎಂಟು ಸಾವಿರಕ್ಕೂ ಮೇಲೆ. ಅಂಥಾ ಮನೆ ಅಳಿಯ, ಅಂಥಾ ಊರ ಡಾಕ್ಟ್ರು, ಪೇಷಂಟುಗಳೆಲ್ಲ ಜಮೀನ್ದಾರರು. ಅವನ ಮೊದಲ ಪುಸ್ತಕಗಳಲ್ಲಿ ಗುಲಾಮಗಿರಿ ಬಿಳಿಯರನ್ನೂ ಹೇಗೆ ಕೆಡಿಸುತ್ತೆ ಅಂತ ಮಾತಿದೆ, 1809ರ ಸೌತ್ ಕ್ಯಾರೊಲಿನಾ ಇತಿಹಾಸಕ್ಕೆ ಬರೋ ಹೊತ್ತಿಗೆ ಆ ಧ್ವನಿ ತುಂಬಾ ಮೆತ್ತಗಾಗಿದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ವಿರುದ್ಧ ಇದ್ದ, ಮೊದಮೊದಲು ಅಸೆಂಬ್ಲಿಲಿ, ಪುಸ್ತಕದಲ್ಲಿ, ಕಾಗದದಲ್ಲಿ ಸ್ನೇಹಿತನಿಗೆ, ಆಮೇಲೆ ಧ್ವನಿ ತಗ್ಗಿಸ್ದ.

ದುಡ್ಡಿನ ವಿಷಯಕ್ಕೂ ಮನುಷ್ಯ ಪೆದ್ದ. ಸಾಂಟೀ ನದಿಯಿಂದ ಚಾರ್ಲ್ಸ್‌ಟನ್ ಕಡೆ ಹರಿಯೋ ಕೂಪರ್ ನದಿವರೆಗೆ 22 ಮೈಲಿ ಕಾಲುವೆ ತೋಡೋ ಕಂಪನಿಲಿ ಷೇರು ಹಾಕಿ ಹಾಕಿ 1798ರಲ್ಲಿ ದಿವಾಳಿ. ಆಮೇಲೆ ಬದುಕಿದ್ದು ಪ್ರಾಕ್ಟೀಸ್ ಮತ್ತು ಪೆನ್ನಿನ ಮೇಲೆ. ಪುಸ್ತಕದಿಂದ ದುಡ್ಡು ಬರಬೇಕು ಅನ್ನೋ ಆಸೆ ಹಳೇದು, ಹೊಸ ಸರ್ಕಾರ ಶುರುವಾದ ತಕ್ಷಣ 1789ರ ಏಪ್ರಿಲ್‌ನಲ್ಲೇ ನನ್ನ ಇತಿಹಾಸದ ಪುಸ್ತಕಗಳನ್ನ ಬೇರೆಯವ್ರು ಅಚ್ಚು ಹಾಕದ ಹಾಗೆ ಮಾಡಿ ಅಂತ ಕಾಂಗ್ರೆಸ್ಸಿಗೆ ಅರ್ಜಿ ಕೊಟ್ಟಿದ್ದ, ಕಾಪಿರೈಟ್ ಕೇಳಿ ಅಲ್ಲಿಗೆ ಬಂದ ಮೊದಲ ಅರ್ಜಿ. ಮುಂದಿನ ವರ್ಷ ಕಾನೂನೂ ಬಂತು. ತಮಾಷೆ ಅಂದ್ರೆ, ನೂರು ವರ್ಷ ದಾಟಿದ ಮೇಲೆ 1902ರಲ್ಲಿ ಒಬ್ಬ ಪ್ರೊಫೆಸರ್ ಸಾಲು ಸಾಲು ಹೋಲಿಸಿ ತೋರಿಸ್ದ, ಅಮೆರಿಕನ್ ಕ್ರಾಂತಿಯ ಇತಿಹಾಸದಲ್ಲಿ ರಾಮ್ಸೆ ಲಂಡನ್ನಿನ ಆನ್ಯುಯಲ್ ರಿಜಿಸ್ಟರ್ ಅನ್ನೋ ವಾರ್ಷಿಕ ಪತ್ರಿಕೆಯಿಂದ ಪುಟಗಟ್ಟಲೆ ಎತ್ತಿದ್ದ. ಆಗಿನವ್ರು ಇದನ್ನ ಅಷ್ಟು ದೊಡ್ಡ ಪಾಪ ಅಂತ ನೋಡ್ತಿರ್ಲಿಲ್ಲ ನಿಜ, ಆದ್ರೂ ಕಾಪಿರೈಟ್ ಅರ್ಜಿ ಕೊಟ್ಟೋನೇ ಕಾಪಿ ಹೊಡೆದಿದ್ದಕ್ಕೆ ನಗು ಬರುತ್ತೆ.

ದಿನಚರಿ ಮಾತ್ರ ಕೇಳಿದ್ರೆ ನಾಚಿಕೆ ಆಗುತ್ತೆ ನಮಗೆ. ನಿದ್ದೆ ನಾಲ್ಕು ಗಂಟೆ. ಬೆಳಕು ಹರಿಯೋಕೆ ಮುಂಚೆ ಎದ್ದು, ಪುಸ್ತಕ ಕೈಲಿ ಹಿಡ್ಕೊಂಡು, ಕತ್ತಲಲ್ಲಿ ಯೋಚನೆ ಮಾಡ್ತಾ ಕೂರ್ತಿದ್ದ, ಅಕ್ಷರ ಕಾಣೋಷ್ಟು ಬೆಳಕಾದ ಕೂಡಲೇ ಓದೋಕೆ ಶುರು. ಮೇಣದ ಬತ್ತಿ ಬೆಳಕಲ್ಲಿ ಓದ್ತಿರ್ಲಿಲ್ಲ, ಸಂಜೆ ಮನೆಯವ್ರಿಗೆ, ಸ್ನೇಹಿತರಿಗೆ. ಮಾರ್ಥಾ ಹದಿನಾರು ವರ್ಷದಲ್ಲಿ ಹನ್ನೊಂದು ಹೆತ್ತಳು, ಎಂಟು ಉಳಿದ್ವು, ಗಂಡುಮಕ್ಕಳಿಗೆ ಪಾಠ ಹೇಳೋಕೆ ಅಂತಾನೇ ಗ್ರೀಕ್, ಲ್ಯಾಟಿನ್ ಕಲಿತಳು. 1811ರ ಜೂನ್‌ನಲ್ಲಿ ಸಾಯೋಕೆ ಮೂರು ದಿನ ಮುಂಚೆ ಗಂಡನಿಗೆ ಡ್ರಾಯರ್‌ನಲ್ಲಿ ನನ್ನ ಡೈರಿ ಇದೆ ಅಂತ ಹೇಳಿದಳು. ಇಪ್ಪತ್ತನಾಲ್ಕು ವರ್ಷ ಒಂದೇ ಮನೇಲಿದ್ದ ಡಾಕ್ಟ್ರಿಗೆ ಅಲ್ಲೀವರೆಗೂ ಅದು ಗೊತ್ತೇ ಇರ್ಲಿಲ್ಲ.

ಈಗ ಗುಂಡು. ವಿಲಿಯಂ ಲಿನ್ನೆನ್ ಅಂತ ಒಬ್ಬ ಟೈಲರ್. ಕೋರ್ಟಿಗೆ ಅಲೆದು ಅಲೆದು, ಜಡ್ಜು, ಲಾಯರ್, ಎಲ್ಲ ಸೇರಿ ನನ್ನನ್ನ ಮುಳುಗಿಸಿದ್ರು ಅನ್ನೋ ಗುಂಗು ಹಿಡಿದು ತನ್ನ ಲಾಯರ್ ಮೇಲೇ ಕೊಲೆ ಪ್ರಯತ್ನ ಮಾಡಿದ್ದ. ಇವನ ತಲೆ ಸರಿ ಇದೆಯಾ ನೋಡಿ ಅಂತ ಕೋರ್ಟು ರಾಮ್ಸೆಗೂ ಇನ್ನೊಬ್ಬ ಡಾಕ್ಟ್ರಿಗೂ ಹೇಳ್ತು. ಇಬ್ರೂ ಪರೀಕ್ಷೆ ಮಾಡಿ ರಿಪೋರ್ಟ್ ಕೊಟ್ರು: ಬುದ್ಧಿ ಸ್ಥಿಮಿತದಲ್ಲಿಲ್ಲ, ಹೊರಗೆ ಬಿಡೋದು ಅಪಾಯ. ಒಳಗೆ ಹಾಕಿದ್ರು. ಸ್ವಲ್ಪ ಕಾಲ ಆದ್ಮೇಲೆ ಸರಿಹೋಗಿದಾನೆ ಅನ್ನಿಸಿ ಬಿಟ್ಟುಬಿಟ್ರು. ಹೊರಗೆ ಬಂದೋನು ಆ ಡಾಕ್ಟ್ರನ್ನ ನೋಡ್ಕೊಳ್ತೀನಿ ಅಂತ ಹೇಳ್ಕೊಂಡು ತಿರುಗ್ತಿದ್ದ, ಸುದ್ದಿ ರಾಮ್ಸೆ ಕಿವಿಗೂ ಬಿತ್ತು, ತಲೆ ಕೆಡಿಸ್ಕೊಳ್ಳಲಿಲ್ಲ. ಇಲ್ಲಿ ನನ್ನದೊಂದು: ಫಿಟ್ಸ್ ಬರೋ ಒಬ್ಬರಿಗೆ ಗಾಡಿ ಓಡಿಸೋಕೆ ಫಿಟ್ ಅಂತ ಸರ್ಟಿಫಿಕೇಟ್ ಕೊಡಲ್ಲ ಅಂದಿದ್ದಕ್ಕೆ ಒಂದು ವಾರ ಕ್ಲಿನಿಕ್ ಎದುರು ಬಂದು ಬೈದು ಹೋಗ್ತಿದ್ರು, ಮೊದಲ ಎರಡು ದಿನ ಹೆದರಿಕೆ ಆಯ್ತು, ಮೂರನೇ ದಿನದಿಂದ ಅಭ್ಯಾಸ ಆಗಿ ಟೀ ಕುಡ್ಕೊಂಡು ಕೂತಿದ್ದೆ. ರಾಮ್ಸೆ ಯಾಕೆ ಹುಷಾರಾಗಿರ್ಲಿಲ್ಲ ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು.

1815ರ ಮೇ 6, ಮಧ್ಯಾಹ್ನ, ಬ್ರಾಡ್ ಸ್ಟ್ರೀಟು. ನೀವು ಚಾರ್ಲ್ಸ್‌ಟನ್ ನೋಡಿದೀರಿ ಅಂದ್ರೆ ಆ ರಸ್ತೇಲಿ ನಡೆದೇ ಇರ್ತೀರಾ. ರಾಮ್ಸೆ ಮನೆ ಕಣ್ಣಳತೆ ದೂರದಲ್ಲಿದೆ. ಎದುರಿಂದ ಬಂದ ಲಿನ್ನೆನ್ ದಾಟಿ ಹೋದ, ಕೈಲಿ ಕರ್ಚೀಫ್ ಸುತ್ತಿದ ಏನೋ ಇತ್ತು, ಕುದುರೆ ಸವಾರರ ದೊಡ್ಡ ಪಿಸ್ತೂಲು ಅದು. ದಾಟಿದ ಮೇಲೆ ತಿರುಗಿ ಹಿಂದಿನಿಂದ ಹೊಡೆದ. ಒಂದು ಗುಂಡು ಸೊಂಟಕ್ಕೆ, ಇನ್ನೊಂದು ಬೆನ್ನಿಗೆ. ಮನೆಗೆ ಎತ್ಕೊಂಡು ಹೋದ್ರು, ಜನ ಸೇರಿದ್ರು. ಅರವತ್ತಾರು ವರ್ಷದ ಡಾಕ್ಟ್ರು ಮಲಗಿದಲ್ಲಿಂದ್ಲೇ ಹೇಳಿದ ಮಾತು ಅವನ ಸ್ನೇಹಿತರು ದಾಖಲಿಸಿದಾರೆ, ಸಾರಾಂಶ ಇಷ್ಟು: ಈ ಗಾಯದಿಂದ ಉಳೀತೀನೋ ಇಲ್ವೋ ಗೊತ್ತಿಲ್ಲ, ಸಾವಿಗೆ ಭಯ ಇಲ್ಲ, ಸತ್ರೆ ಮಾತ್ರ ಇಲ್ಲಿರೋರೆಲ್ಲ ಸಾಕ್ಷಿ, ಇದನ್ನ ಮಾಡಿದ ಪಾಪದವ್ನು ಹುಚ್ಚ, ಅವನ ಮೇಲೆ ತಪ್ಪಿಲ್ಲ. ಕೋರ್ಟಿಗೆ ಕೊಟ್ಟಿದ್ದ ರಿಪೋರ್ಟನ್ನೇ ಇನ್ನೊಂದು ಸಲ ಕೊಟ್ಟ, ಈ ಸಲ ಯಾರ ಮುಖ ನೋಡಿಯೂ ಧ್ವನಿ ತಗ್ಗಿಸಲಿಲ್ಲ. ಎರಡು ದಿನ ಇದ್ದು ಮೇ 8ಕ್ಕೆ ಹೋದ.

ಮಕ್ಕಳಿಗೆ ಅಂತ ಉಳಿದದ್ದು ಕಾಗದದ ಕಟ್ಟು. ಹೆಣ್ಣುಮಕ್ಕಳು ಚಾರ್ಲ್ಸ್‌ಟನ್‌ನಲ್ಲಿ ಹುಡುಗೀರಿಗೆ ಒಂದು ಶಾಲೆ ತೆರೆದು ಬದುಕು ಕಟ್ಕೊಂಡ್ರು, ಅಪ್ಪ ನಲವತ್ತು ವರ್ಷ ಬೆಳಗಿನ ಜಾವ ಕೂತು ಸೇರಿಸಿಟ್ಟಿದ್ದ ಪ್ರಪಂಚದ ಇತಿಹಾಸವನ್ನ 1819ರಲ್ಲಿ ಹನ್ನೆರಡು ಸಂಪುಟವಾಗಿ ಅಚ್ಚು ಹಾಕಿಸಿದ್ರು, ಬಂದ ದುಡ್ಡು ಆ ಮಕ್ಕಳ ಖರ್ಚಿಗೆ.